ತಳಕ್ಕೆ ಹೋದ ನೊಣ

ಗಂಡ ಸುಮ್ಮನೆ ಕೂತಿದ್ದಾನೆ ಎಂದರೆ ಶೇಖರಮ್ಮನ ಎದೆ ಡವಡವ ಎನ್ನತೊಡಗುತ್ತಿತ್ತು. ಮಾತಾಡುವ ಗಂಡನಿಂದ ಅಂಥ ತೊಂದರೆಯಿಲ್ಲ. ಅರ್ಧ ಕಿವಿ ಅವನಿಗೆ ಕೊಟ್ಟು, ಎರಡೂ ಕೈ ರೊಟ್ಟಿಗೆ ಕೊಟ್ಟು ದಿನ ಕಳೆಯಬಹುದು. ಸುಮ್ಮನಾದ ಗಂಡನ ವಿಷಯ ಬೇರೆ. ಅವನು ಏನನ್ನೋ ಕಲಿಯುತ್ತಿರುತ್ತಾನೆ.

ಸೊಸೈಟಿಯ ಕಾರಕೂನಿಕೆಯಿಂದ ನಿವೃತ್ತನಾದ ಮೇಲೆ ಸಂಗನಬಸವ ಹೀಗೆ ಆಗಾಗ ಸುಮ್ಮನಾಗಿದ್ದ. ಮೊದಲ ಸಲ ಸುಮ್ಮನಾದಾಗ ಹಿತ್ತಲಿಗೆ ಜೇನುಪೆಟ್ಟಿಗೆ ಬಂತು. ಜೇನುತುಪ್ಪ ಬರಲಿಲ್ಲ, ಹುಳುಗಳು ಮಾತ್ರ ಓಣಿಯವರ ಮುಖಗಳನ್ನೆಲ್ಲ ಊದಿಸಿ, ತಮ್ಮ ದಾರಿ ಹಿಡಿದು ಹೋದವು. ಆಮೇಲೆ ಹಾರ್ಮೋನಿಯಂ. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಕೊನೆಗೆ ಅದನ್ನು ಕೊಂಡ ಭಜನಾ ಮಂಡಳಿಯವರು ಸಂಗೀತದ ಮೇಲಿನ ಪ್ರೀತಿಯಿಂದ ಕೊಂಡಿರಲಿಲ್ಲ, ಓಣಿಯ ಮೇಲಿನ ಕರುಣೆಯಿಂದ ಕೊಂಡಿದ್ದರು.

ಶೇಖರಮ್ಮನಿಗೆ ಇಂಥವಕ್ಕೆಲ್ಲ ಪುರುಸೊತ್ತಿರಲಿಲ್ಲ. ಮಸ್ಕಿಯ ಬಸ್ ಸ್ಟ್ಯಾಂಡಿನ ಹತ್ತಿರ, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಗೆ ಮುಖ ಮಾಡಿ ಅವಳ ಖಾನಾವಳಿ ಇತ್ತು. 'ಶುದ್ಧ ಲಿಂಗಾಯತ ಖಾನಾವಳಿ' ಎಂಬ ಬೋರ್ಡನ್ನು ಸಮಾಜದ ಹಿರಿಯರಾದ ಕರಿಬಸಯ್ಯನವರು ತಾವೇ ನಿಂತು ಬರೆಸಿದ್ದರು. ಆ ಬೋರ್ಡು ನೋಡಿದರೆ ಸಾಕು, ಎಂಥ ಮಡಿವಂತ ಪ್ರಯಾಣಿಕನೂ ಕೇಳದೆ ಒಳಗೆ ಬಂದು ಕೂರುತ್ತಿದ್ದ. ಒಳಗೆ ಬಂದವನನ್ನು ಮರಳಿ ಬರುವಂತೆ ಮಾಡುತ್ತಿದ್ದುದು ಮಾತ್ರ ಶೇಖರಮ್ಮನ ಬೇಳೆ. ಬಾಗಿಲಿಗೆ ಬಲೆ, ಒಲೆಯ ಮಗ್ಗುಲಿಗೆ ಬೇವಿನ ಸೊಪ್ಪಿನ ಹೊಗೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ಮುಖ ಕಾಣುವಂತೆ ಬೆಳಗಿದ ಬಟ್ಟಲು. ಊರಿನ ಬೇರೆ ಹೋಟೆಲುಗಳಲ್ಲಿ ಒಂದು ಕೈಯಿಂದ ಉಂಡು ಇನ್ನೊಂದು ಕೈಯಿಂದ ನೊಣ ಓಡಿಸುವವರು ಇಲ್ಲಿಗೆ ಬಂದರೆ ಎಡಗೈಯನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು.

ಸಂಗನಬಸವನ ಕೆಲಸ ಗಲ್ಲಾದ ಮೇಲೆ ಕೂತು "ಬರ್ರಿ, ಕುಂದ್ರಿ" ಎನ್ನುವುದು. ಅಮರನಾಥ ಯಾತ್ರೆಯಿಂದ ಬಂದ ಮೇಲೆ ಆ ಕೆಲಸಕ್ಕೂ ಒಂದು ಘನತೆ ಬಂದಿತ್ತು. ಸಮಾಜದವರ ಜೊತೆ ಬಸ್ಸಿನಲ್ಲಿ ಹೋಗಿ ಬಂದವರಿಗೆಲ್ಲ ಮಠದಲ್ಲಿ ಶಾಲು ಹೊದಿಸಿದ್ದರು. ಬಡಿಸುವ ಸುಕನ್ಯಾ ದಿನಾ ಬೆಳಿಗ್ಗೆ ಬಂದವಳೇ ಮೊದಲು ಅವನ ಕಾಲು ಮುಟ್ಟುತ್ತಿದ್ದಳು. ಅವನು ಕಣ್ಣು ಅರ್ಧ ಮುಚ್ಚಿ ಕೈ ಎತ್ತುತ್ತಿದ್ದ. ಹಿಮಲಿಂಗ ಹೇಗಿತ್ತು ಎಂದು ಯಾರಾದರೂ ಕೇಳಿದರೆ "ಅದನ್ನ ಬಾಯಿಲೆ ಹೇಳಾಕ ಬರಂಗಿಲ್ಲಪಾ" ಎನ್ನುತ್ತಿದ್ದ. ಇಂಥ ಉತ್ತರ ಕೊಡುವವನು ಬಹಳ ನೋಡಿರುತ್ತಾನೆ ಎಂದು ಜನ ತಿಳಿದುಕೊಂಡಿದ್ದರು.

ಉಳಿದವರು ಕಾಶ್ಮೀರದಿಂದ ಅಕ್ರೋಡು ತಂದರು, ಹೆಂಡಂದಿರಿಗೆ ಶಾಲು ತಂದರು. ಸಂಗನಬಸವ ತಂದದ್ದು ಒಂದು ಗೇಣುದ್ದದ ಕಬ್ಬಿಣದ ಚಿಮಟ ಮತ್ತು ಒಂದು ಡಬ್ಬಿ ಗಾಳ. ತಂದವನೇ ಸುಮ್ಮನಾದ.

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅವನು ಗಲ್ಲಾದ ಅಂಚಿಗೆ ಚಿಮಟ ಬಿಗಿದು, ಅದರ ಬಾಯಿಗೆ ಗಾಳ ಸಿಕ್ಕಿಸುತ್ತಿದ್ದ. ಜೇನುಮೇಣ ಸವರಿದ ದಾರವನ್ನು ಗಾಳದ ಮೈಗೆ ಸುತ್ತಿ, ಕಂಬಳಿಯಿಂದ ಕಿತ್ತ ಉಣ್ಣೆಯನ್ನು ಅದಕ್ಕೆ ಹೊಸೆದು ಹೊಟ್ಟೆ ಮಾಡುತ್ತಿದ್ದ. ಹೊಟ್ಟೆಯ ಮೇಲೆ ಹೊಳೆಯುವ ಎಳೆಯ ಪಟ್ಟೆ, ಕೊರಳಿಗೆ ಹಿಂದಕ್ಕೆ ಬಾಗಿದ ಮೆತ್ತನೆಯ ಕೂದಲು, ಬೆನ್ನಿಗೆ ಒರಗಿದ ಎರಡು ರೆಕ್ಕೆ. ಕೊನೆಗೆ ತಲೆಗೆ ಗಂಟು ಹಾಕಿ, ಮಗಳು ರಾಜಶ್ರೀ ತವರಿನಲ್ಲಿ ಬಿಟ್ಟುಹೋದ ಉಗುರುಬಣ್ಣದ ಒಂದು ಹನಿ. ಅಷ್ಟಾದರೆ ಒಂದು ನೊಣ. ಲುಂಗಿಯ ಗಂಟು ಸರಿಯಾಗಿ ಕಟ್ಟಲು ಬಾರದ ಆ ದಪ್ಪ ಬೆರಳುಗಳು ಅದನ್ನು ಮಾಡುವುದನ್ನು ಶೇಖರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನ್ರೀ ಇದು?"

"ಕಲಾ" ಎಂದ ಸಂಗನಬಸವ.

"ನೊಣಾ ಮಾಡೋದು ಕಲಾ? ದೇವ್ರು ಮಾಡಿದ್ದು ಸಾಲವಲ್ವೇನು?"

"ಇವು ತೇಲೋ ನೊಣ ಅಲ್ಲ. ಮುಳುಗೋ ನೊಣ. ನೀರಾಗ ಬಿಟ್ರ ಸೀದಾ ತಳಕ್ಕ ಹೋಗಬೇಕು. ಹೋದ್ರ ಗೆದ್ದಂಗ. ನನ್ನವು ಎಲ್ಲಾ ತೇಲಾಕತ್ತಾವ." ಅವನ ಮುಖದಲ್ಲಿ ನಿಜವಾದ ದುಃಖವಿತ್ತು.

ಅವಳು ಮುಂದೆ ಕೇಳಲಿಲ್ಲ. ಹಾರ್ಮೋನಿಯಂ ಕಂಡ ಹೆಂಗಸಿಗೆ ಸದ್ದಿಲ್ಲದ ಹುಚ್ಚು ದೊಡ್ಡ ಸಮಾಧಾನ. ಒಂದು ಸಣ್ಣ ಹೊಟ್ಟೆಕಿಚ್ಚೂ ಆಯಿತು ಎನ್ನಬೇಕು. ಹುಟ್ಟಿದಾಗಿನಿಂದ ಅವಳು ಮಾಡಿದ ಒಂದೊಂದು ಕೆಲಸಕ್ಕೂ ಉಪಯೋಗವಿತ್ತು. ಯಾವುದಕ್ಕೂ ಬಾರದ ಒಂದನ್ನು ಇಷ್ಟು ಶ್ರದ್ಧೆಯಿಂದ ಮಾಡುತ್ತ ಕೂರುವುದು ಹೇಗಿರುತ್ತದೋ ಎಂದುಕೊಂಡು ಅವಳು ಒಳಗೆ ಹೋಗಿ ಬದನೆಕಾಯಿ ಹೆಚ್ಚಿದಳು.

ಆ ರೆಕ್ಕೆ, ಆ ಕೂದಲು ಎಲ್ಲಿಂದ ಬರುತ್ತಿದ್ದವೆಂದು ಆಗಲೇ ಕೇಳಬೇಕಿತ್ತು.

ಅಮಾವಾಸ್ಯೆಯ ಮಾರನೆಯ ದಿನ, ಊಟದ ಹೊತ್ತಿಗೆ ಸ್ವಲ್ಪ ಮೊದಲು, ಸಂಗನಬಸವ ಹೊಸ ನೊಣವೊಂದನ್ನು ಮುಗಿಸಿದ. ಪರೀಕ್ಷೆ ಮಾಡಲು ನೀರು ಬೇಕಿತ್ತು. ತೊಳೆದು ಜೋಡಿಸಿದ್ದ ಬಟ್ಟಲುಗಳಲ್ಲಿ ಒಂದನ್ನು ತೆಗೆದು, ನೀರು ಹಾಕಿ, ನೊಣವನ್ನು ಬಿಟ್ಟ. ಅಷ್ಟರಲ್ಲಿ ಸಿಂಧನೂರಿನ ಕಡೆ ಹೋಗುವ ಬಸ್ಸು ಬಂತು, ಜನ ನುಗ್ಗಿತು. ಗಡಿಬಿಡಿಯಲ್ಲಿ ಅವನು ಬಟ್ಟಲಿನ ನೀರನ್ನು ಹೊರಗೆ ಚೆಲ್ಲಿ, ಬಟ್ಟಲನ್ನು ಇದ್ದಲ್ಲಿಯೇ ಇಟ್ಟ. ನೀರಿನ ಜೊತೆ ನೊಣವೂ ಹೋಯಿತೆಂದು ತಿಳಿದ. ನೊಣ ಹೋಗಿರಲಿಲ್ಲ.

ಆ ಬಟ್ಟಲು ಹೊನ್ನೂರಪ್ಪನ ತಾಟಿಗೆ ಬಂತು. ಇಡೀ ರಸ್ತೆಯಲ್ಲಿ ಬೇರೆ ಯಾರ ತಾಟಿಗೆ ಬಂದಿದ್ದರೂ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೊನ್ನೂರಪ್ಪ ಬಸ್ ಕಂಡಕ್ಟರ್. ಅವನಿಗೆ ಗೊತ್ತಾದದ್ದು ಲಿಂಗಸುಗೂರಿಗೂ ಸಿಂಧನೂರಿಗೂ ಒಂದೇ ದಿನ ಗೊತ್ತಾಗುತ್ತಿತ್ತು. ಬಸ್ಸಿನ ಹಿಂದಿನ ಸೀಟಿನವರನ್ನು ಮುಂದಿನ ಬಾಗಿಲಿನಿಂದಲೇ ಎಬ್ಬಿಸಬಲ್ಲ ಗಂಟಲು ಅವನದು.

ಹೊನ್ನೂರಪ್ಪ ಒಮ್ಮೆ ಬೇಳೆ ಕುಡಿದ. "ಸುಕನ್ಯಾ, ಬ್ಯಾಳಿ ಹಾಕವಾ" ಎಂದು ಇನ್ನೊಮ್ಮೆ ಹಾಕಿಸಿಕೊಂಡ. ಅದೂ ಮುಗಿಯಿತು. ರುಚಿ ಬಿಡಲಾಗದೆ, ಬಟ್ಟಲಿನ ತಳವನ್ನು ಒರೆಸಲೆಂದು ಒಂದು ತುಂಡು ರೊಟ್ಟಿ ಮುರಿದು ಒಳಗಿಳಿಸಿದ. ರೊಟ್ಟಿಯ ಜೊತೆ ನೊಣ ಎದ್ದು ಬಂತು.

ಅವನು ಕೊಡವಿದ. ನೊಣ ಹೋಗಲಿಲ್ಲ. ಜಾಡಿಸಿದ. ನೊಣ ರೊಟ್ಟಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯಿತು.

"ಶೇಖರಮ್ಮಾ!" ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ತಿರುಗಿ ನೋಡಿದರು. "ಸತ್ತ ನೊಣ ನನ್ನ ರೊಟ್ಟಿ ಬಿಡವಲ್ದು, ಬಂದು ಬಿಡಿಸ್ಬಾ!"

ಲಟ್ಟಣಿಗೆ ಹಿಡಿದವಳು ಹಾಗೆಯೇ ಓಡಿಬಂದಳು. ಅವಳಿಗಿಂತ ಮೊದಲು ಸಂಗನಬಸವ ಬಂದಿದ್ದ. ಬಂದವನು ರೊಟ್ಟಿಯನ್ನು ನೋಡಿದ, ಬಟ್ಟಲನ್ನು ನೋಡಿದ. ಅವನ ಮುಖ ಹಬ್ಬದ ದಿನದಂತೆ ಅರಳಿತು.

"ಮುಳುಗೈತಿ!" ಎಂದ. "ಏ, ಮುಳುಗೈತಿ ನೋಡ ಇಲ್ಲೆ! ಎರಡು ಸಲ ಬ್ಯಾಳಿ ಹಾಕಿದ್ರೂ ತಳ ಬಿಟ್ಟಿಲ್ಲ!"

ಹೊನ್ನೂರಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸಂಗಣ್ಣ, ನನ್ನ ಬ್ಯಾಳ್ಯಾಗ ನೊಣ ಬಿದ್ರ ನೀ ಕುಣಿಯಾಕತ್ತೀಯಲ್ಲ, ನಿನಗೇನು ಹಳೇ ಸಿಟ್ಟೈತಿ ನನ್ನ ಮ್ಯಾಲೆ?"

"ಅಯ್ಯ, ಹೆದರಬ್ಯಾಡಪಾ, ಇದು ನೊಣ ಅಲ್ಲ" ಎಂದು ಸಂಗನಬಸವ ಅವನ ಬೆನ್ನು ಸವರಿದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಹೇಳುವಷ್ಟು ಚುರುಕುತನ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. "ಚೊಲೋ ಸ್ವಚ್ಛ ಐತಿ. ನಾನೇ ತೊಳದೀನಿ. ಬರೇ ಕೋಳಿ ಪುಕ್ಕ."

ಖಾನಾವಳಿಯಲ್ಲಿ ರೊಟ್ಟಿ ಮುರಿಯುವ ಸದ್ದು ನಿಂತುಹೋಯಿತು. ಮೂಲೆಯ ಮೇಜಿನಲ್ಲಿ ದಿನದಂತೆ ಊಟಕ್ಕೆ ಕೂತಿದ್ದ ಕರಿಬಸಯ್ಯನವರ ತುತ್ತು ಕೈಗೂ ಬಾಯಿಗೂ ನಡುವೆ ನಿಂತಿತು. ಅವರು ಆ ತುತ್ತನ್ನು ನಿಧಾನವಾಗಿ ತಾಟಿಗೆ ಇಳಿಸಿ, ಕೈತೊಳೆಯಲು ಎದ್ದರು. ಅವರು ಎದ್ದದ್ದು ನೋಡಿ ಉಳಿದವರೂ ಎದ್ದರು.

ಬಸ್ಸು ಹೊರಟಿತು, ಸುದ್ದಿಯೂ ಟಿಕೆಟಿಲ್ಲದೆ ಹತ್ತಿತು. ಮಸ್ಕಿ ದಾಟುವಾಗ ಅದು ಪುಕ್ಕವಾಗಿತ್ತು. ಮುಂದಿನ ಊರಿಗೆ ರೆಕ್ಕೆಯಾಯಿತು. ಸಿಂಧನೂರು ಮುಟ್ಟುವ ಹೊತ್ತಿಗೆ ಶೇಖರಮ್ಮನ ಬೇಳೆಯಲ್ಲಿ ಇಡೀ ಕೋಳಿಯೇ ಬೆಂದಿತ್ತು. ಸಾಯಂಕಾಲ ಅದೇ ಬಸ್ಸು ಲಿಂಗಸುಗೂರಿಗೆ ಮರಳಿತು. ಗುರುಗುಂಟಾದವನೊಬ್ಬ ಫೋನ್ ಮಾಡಿ, "ನಿಮ್ಮಲ್ಲಿ ಜವಾರಿ ಕೋಳಿ ಮಾಡ್ತೀರೋ, ಫಾರಂ ಕೋಳಿ ಮಾಡ್ತೀರೋ?" ಎಂದು ಬಹಳ ಮರ್ಯಾದೆಯಿಂದ ಕೇಳಿದ. ಶೇಖರಮ್ಮ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಬೋರಲು ಹಾಕಿದಳು.

ಅದು ಮತ್ತೆ ಬಡಿದುಕೊಂಡಿತು. ಸಿಂಧನೂರಿನಲ್ಲಿ ಸಂಸಾರ ಮಾಡಿಕೊಂಡಿದ್ದ ಮಗಳು ರಾಜಶ್ರೀ.

"ಯವ್ವಾ, ನಮ್ಮತ್ತಿ ಏನು ಕೇಳಾಕತ್ತಾರ ಗೊತ್ತೇನು? ನೀ ಹಬ್ಬಕ್ಕ ಕಳಿಸಿದ್ದ ಶೇಂಗಾ ಹೋಳಿಗಿ ಯಾವ ಪಾತ್ರ್ಯಾಗ ಮಾಡಿದ್ದಿ ಅಂತ ಕೇಳಾಕತ್ತಾರ."

"ತಿಂದು ಎಷ್ಟು ದಿನ ಆತು?"

"ಅದನ್ನ ನೆನಸಿಕೊಂಡು ಈಗ ಹೊಟ್ಟಿ ನೋವು ಅಂತ ಮಲಗ್ಯಾರ."

ಕತ್ತಲಾಗುವ ಮುಂಚೆ ಚಾಂದ್‌ಬೀ ಬಂದಳು. ರಸ್ತೆಯ ಆಚೆ ಚಿಕನ್ ಅಂಗಡಿ ಇಟ್ಟಿದ್ದ ಜಿಲಾನಿಸಾಬನ ಹೆಂಡತಿ. ಬಹಳ ಒಳ್ಳೆಯ ಹೆಂಗಸು. ಕಷ್ಟದಲ್ಲಿರುವವರನ್ನು ಕಂಡರೆ ತಡೆಯಲಾರದೆ ಸಹಾಯಕ್ಕೆ ಬರುತ್ತಿದ್ದಳು. ಬಲೆಬಾಗಿಲಿನ ಹೊರಗೇ ನಿಂತು, ಓಣಿಗೆಲ್ಲ ಕೇಳುವಂತೆ ಸಮಾಧಾನ ಹೇಳಿದಳು.

"ಶೇಖರಮ್ಮಕ್ಕಾ, ನಾವಂತೂ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಖುದಾನ ಆಣಿ. ಅಣ್ಣಾರು ನಮ್ಮ ಅಂಗಡಿಗೆ ಬರೋದು ನಮ್ಮ ಹೊಟ್ಟ್ಯಾಗೇ ಐತಿ."

"ಯಾವಾಗ ಬಂದಿದ್ರು?"

"ವಾರಾ ವಾರಾ ಬರ್ತಾರಲ್ಲ! ಮೊದಲ ದಿನ ಬಂದಾಗ ನಮ್ಮವರು ಮರ್ಯಾದಿ ಅಂತ ಅರ್ಧ ಶಟರ್ ಎಳದ್ರು. 'ಬರೇ ಪುಕ್ಕ ಸಾಕು, ಕೊರಳಿನ ಕಡೆದು ಇರಲಿ' ಅಂದ್ರಂತ ಅಣ್ಣಾರು. ನಮ್ಮವರು, 'ಸಾವ್ಕಾರ್ರ, ಶುರುವಿಗೆ ಎಲ್ಲಾರೂ ನಾಚಿಕೊಂಡು ಹಿಂಗೇ ಏನಾರ ಹೇಳ್ತಾರ, ನಾ ಕಪ್ಪು ಚೀಲದಾಗ ಕಟ್ಟಿಕೊಡ್ತೀನಿ' ಅಂದು ಪುಕ್ಕದ ಕೆಳಗ ಎರಡು ತೊಡಿ ಇಟ್ಟು ಕೊಟ್ಟಿದ್ರು. ಅಣ್ಣಾರು ತಿರುಗಿ ಬಂದು ತೊಡಿ ವಾಪಸ್ ಕೊಟ್ಟು ಹೋದ್ರು. ಉಪ್ಪು ಖಾರ ಹಚ್ಚಾಕ ಬರಂಗಿಲ್ಲೇನೋ ಪಾಪ ಅಂತ ನಾವು ಮಾತಾಡಿಕೊಂಡ್ವಿ."

ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಶೇಖರಮ್ಮ ಒಳಗೆ ಹೋಗಿ, ಗಂಡನ ಮುಂದೆ ಚಹಾ ಇಟ್ಟಳು. ಮಾತಾಡಲಿಲ್ಲ. ಈಗ ಸುಮ್ಮನಾದ ಹೆಂಡತಿಯನ್ನು ನೋಡಿ ಅವನ ಎದೆ ಡವಡವ ಎನ್ನತೊಡಗಿತು.

ಮರುದಿನ ಊಟಕ್ಕೆ ಯಾರೂ ಬರಲಿಲ್ಲ. ಬಂದವರು ಇಬ್ಬರೇ. ಒಬ್ಬರು ಕರಿಬಸಯ್ಯನವರು, ಸಮಾಜದ ಪರವಾಗಿ. ಇನ್ನೊಬ್ಬರು ಆಹಾರ ಸುರಕ್ಷತೆಯ ಅಧಿಕಾರಿ ಭೀಮೇಶ, ದೂರಿನ ಪರವಾಗಿ. ಹೊಸದಾಗಿ ನೌಕರಿಗೆ ಸೇರಿದ ಯುವಕ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಫೈಲು. ಸುಕನ್ಯಾ ಕಾಗದದಲ್ಲಿ ಕಟ್ಟಿಟ್ಟಿದ್ದ ರೊಟ್ಟಿಯ ತುಂಡನ್ನು ಅವನ ಮುಂದೆ ಇಟ್ಟಳು. ನೊಣ ಇನ್ನೂ ರೊಟ್ಟಿಯನ್ನು ಹಿಡಿದುಕೊಂಡೇ ಇತ್ತು.

ಭೀಮೇಶ ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದ. "ನೊಣ" ಎಂದ.

"ನೊಣ ಅಂತ ಬರೀರಿ ಸಾಹೇಬ್ರ" ಎಂದರು ಕರಿಬಸಯ್ಯನವರು ತಕ್ಷಣ.

"ಅಲ್ರಿ" ಎಂದ ಸಂಗನಬಸವ.

"ಸುಮ್ಮನಿರೋ ಸಂಗಣ್ಣ."

"ಸರ್ಕಾರದವರ ಮುಂದ ಹೆಂಗ ಸುಳ್ಳ ಹೇಳ್ಲಿ ಅಯ್ಯನೋರ? ಕೋಳಿ ಪುಕ್ಕದ್ದರಿ ಇದು."

ಭೀಮೇಶ ಪೆನ್ನು ಕೆಳಗಿಟ್ಟ. "ಕೋಳಿ ಪುಕ್ಕ ಖಾನಾವಳ್ಯಾಗ ಯಾಕ ಬಂತು?"

"ಮೀನ ಹಿಡಿಯಾಕ್ರಿ."

ಕರಿಬಸಯ್ಯನವರು ಪಕ್ಕದ ಕಂಬವನ್ನು ಹಿಡಿದುಕೊಂಡರು. "ಮೀನೂ ತಿನ್ನಾಕತ್ತೀಯೇನೋ?"

"ಶಿವ ಶಿವಾ! ತಿನ್ನೋದಿಲ್ರಿ. ಹಿಡಿಯೋದೂ ಇಲ್ಲ. ಆ ಮೀನ ನಮ್ಮ ಕಡಿ ಇಲ್ಲೇ ಇಲ್ಲ. ಟ್ರೌಟ್ ಅಂತಾರ ಅದಕ್ಕ. ಹಿಮ ಬೀಳೋ ಕಡಿ, ಗುಡ್ಡದ ಮ್ಯಾಲಿನ ಹೊಳ್ಯಾಗ, ಕೆರ್ಯಾಗ ಇರ್ತೈತಿ. ನೀರಾಗ ಮುಳುಗಿದ ಹುಳ ಅಂತ ತಿಳಿದು ಇದನ್ನ ನುಂಗ್ತೈತಿ."

ಭೀಮೇಶ ಪೆನ್ನನ್ನು ಮತ್ತೆ ಎತ್ತಿಕೊಂಡ. ತರಬೇತಿಯಲ್ಲಿ ಅವನಿಗೆ ಬಹಳಷ್ಟನ್ನು ಕಲಿಸಿದ್ದರು. "ಅಂದ್ರ, ನೊಣ ಅಲ್ಲದ ನೊಣ. ಇಲ್ಲದ ಮೀನ ಹಿಡಿಯಾಕ. ಮೀನ ತಿನ್ನದವರು ಮಾಡಿದ್ದು."

"ಬರೋಬ್ಬರಿ ಹೇಳಿದ್ರಿ ಸಾಹೇಬ್ರ!" ತನ್ನನ್ನು ಅರ್ಥ ಮಾಡಿಕೊಂಡ ಮೊದಲ ಮನುಷ್ಯನನ್ನು ಸಂಗನಬಸವ ಪ್ರೀತಿಯಿಂದ ನೋಡಿದ.

"ಇದನ್ನ ಎಲ್ಲಿ ಕಲ್ತ್ರಿ?"

"ಪಹಲಗಾಮಿನ್ಯಾಗ್ರಿ. ನದೀ ದಂಡಿಗೆ ಒಬ್ಬ ಮುದುಕ ಕುಂತು ಕಟ್ತಿದ್ದ. ನಾ ಬಾಜೂಕ ಕುಂತೆ."

"ಯಾವಾಗ?"

"ಇವರೆಲ್ಲಾ ಗವಿಗೆ ಹತ್ತಿದಾಗ್ರಿ."

ಹೇಳಿ ಮುಗಿಸಿದ ಮೇಲೆಯೇ ತಾನು ಏನು ಹೇಳಿದೆ ಎಂದು ಅವನಿಗೆ ಕೇಳಿಸಿತು. ಕರಿಬಸಯ್ಯನವರು ಕಂಬವನ್ನು ಬಿಟ್ಟು ಮುಂದೆ ಬಂದರು.

"ನೀ ಹತ್ತಲಿಲ್ಲೇನು?"

"ಮೊಣಕಾಲ ನೋವಿತ್ರಿ."

"ಕುದುರಿ ಮ್ಯಾಲೆ ಹಿಂದಿಂದ ಬರ್ತೀನಿ ಅಂದಿದ್ದಿ!"

"ಕುದುರಿ ಬಂದಿತ್ರಿ. ಮುದುಕ ಆಗಷ್ಟೇ ರೆಕ್ಕಿ ಕಟ್ಟಾಕ ಶುರು ಮಾಡಿದ್ದ. ಅದನ್ನ ಬಿಟ್ಟು ಏಳಾಕ ಮನಸಾಗಲಿಲ್ಲ."

"ಮಠದಾಗ ಶಾಲು ಹೊದಿಸಿದ್ವಲ್ಲೋ!"

"ಥಂಡಿ ದಿನ ಇತ್ರಿ, ಬ್ಯಾಡ ಅನ್ನಲಿಲ್ಲ."

"ಅಯ್ಯ ನನ್ನ ಶಿವನ!" ಸುಕನ್ಯಾ ಕೈಯಲ್ಲಿದ್ದ ಸೌಟು ಬಿಟ್ಟಳು. "ದಿನಾ ನಿಮ್ಮ ಕಾಲು ಮುಟ್ಟೀನಲ್ರಿ ನಾ! ಅಷ್ಟೂ ನಮಸ್ಕಾರ ತಿರುಗಿ ಕೊಡ್ರಿ ಈಗ!"

ಇಷ್ಟೆಲ್ಲ ಆಗುವಾಗ ಶೇಖರಮ್ಮ ಒಲೆಯ ಹತ್ತಿರ, ಇದು ಬೇರೆ ಯಾರದೋ ಮನೆಯ ಜಗಳ ಎನ್ನುವಂತೆ ನಿಂತಿದ್ದಳು. ಕೋಳಿ, ಮೀನು, ಕಾಣದ ಹಿಮಲಿಂಗ, ಒಂದಕ್ಕೂ ಅವಳು ಬಾಯಿ ತೆರೆದಿರಲಿಲ್ಲ. ಭೀಮೇಶ ನೊಣವನ್ನು ಬೆಳಕಿಗೆ ಹಿಡಿದು, "ಹೊಟ್ಟಿ ಮ್ಯಾಲೆ ಹೊಳಿಯೋದು ಏನು? ತಂತಿ ಆದ್ರ ಬ್ಯಾರೆ ಬರೀಬೇಕಾಗ್ತೈತಿ" ಎಂದ.

"ಜರಿ" ಎಂದ ಸಂಗನಬಸವ.

"ಎಲ್ಲಿದು?"

ಸಂಗನಬಸವ ಹೆಂಡತಿಯ ಕಡೆ ನೋಡಿ, ನೆಲ ನೋಡಿದ. ಶೇಖರಮ್ಮ ಸೀದಾ ಒಳಕೋಣೆಗೆ ಹೋಗಿ ಟ್ರಂಕು ತೆಗೆದಳು. ಮದುವೆಯ ಸೀರೆ ಮಡಿಕೆ ಕೆಡದೆ ತಳದಲ್ಲಿತ್ತು. ಬಿಚ್ಚಿದಳು. ಸೆರಗಿನ ಅಂಚು ಇಲಿ ತಿಂದಂತಾಗಿತ್ತು. ಇಲಿಗೆ ಇಷ್ಟು ತಾಳ್ಮೆ ಇರುವುದಿಲ್ಲ, ಒಂದೊಂದೇ ಎಳೆ ಆರಿಸಿ ತೆಗೆಯಲಾಗಿತ್ತು. ಆ ಸೀರೆಯನ್ನು ಅವಳು ಮದುವೆಯ ನಂತರ ಉಟ್ಟಿರಲಿಲ್ಲ. ಉಡಲು ಒಂದು ದಿನ ಬರುತ್ತದೆಂದು ಇಟ್ಟಿದ್ದಳು. ಆ ದಿನ ಯಾವುದು ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಸೀರೆ ಹಿಡಿದುಕೊಂಡು ಅವಳು ಹೊರಗೆ ಬಂದಾಗ ಭೀಮೇಶ ನೊಣವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಚೀಟಿ ಅಂಟಿಸುತ್ತಿದ್ದ. "ವಸ್ತುವಿನ ಹೆಸರು ಏನಂತ ಬರೀಲಿ?"

"ಪ್ರತಿಯೊಂದು ನೊಣಕ್ಕೂ ಒಂದು ಹೆಸರಿಡೋ ಪದ್ಧತಿ ಐತ್ರಿ ಆ ಕಡಿ" ಎಂದ ಸಂಗನಬಸವ ಮೆಲ್ಲಗೆ. "ಇದರ ಹೆಸರು ಶೇಖರಮ್ಮ."

"ನಿಮ್ಮ ಮನಿಯವರ ಹೆಸರು ಕೇಳಲಿಲ್ರಿ. ವಸ್ತುವಿನ ಹೆಸರು."

"ಅದೇ ರೀ."

"ನನ್ನ ಹೆಸರಾ?" ಶೇಖರಮ್ಮನ ದನಿ ಆಗ ಎಲ್ಲರಿಗೂ ಕೇಳಿತು. "ನೊಣಕ್ಕ ನನ್ನ ಹೆಸರಾ? ಬ್ಯಾಳ್ಯಾಗ ಬಿದ್ದ ನೊಣಕ್ಕ?"

"ಹಂಗಲ್ಲ ಮಾರಾಯ್ತಿ. ಉಳದವೆಲ್ಲಾ ತೇಲ್ತಿದ್ವು. ನಿನ್ನ ಸೀರಿ ಜರಿ ಸುತ್ತಿದ ಮ್ಯಾಲೆ ಇದೊಂದು ತಳದಾಗ ನಿಂತಿತು. ಮ್ಯಾಲಿಂದ ಎಷ್ಟು ನೀರು ಸುರುವಿದ್ರೂ ತಳ ಬಿಡಂಗಿಲ್ಲ, ತೇಲಂಗಿಲ್ಲ, ಹರಿದುಹೋಗಂಗಿಲ್ಲ. ಅದಕ್ಕ..." ಅವನು ಕೈಯಿಂದ ನೆಲದ ಕಡೆ ತೋರಿಸಿದ.

ಶೇಖರಮ್ಮನಿಗೆ ಲಟ್ಟಣಿಗೆ ಹತ್ತಿರದಲ್ಲೇ ಇತ್ತು. ಆದರೆ ಕೈ ಏಳಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಅವಳ ಬಗ್ಗೆ ಹೇಳಿದ ಮೊದಲ ಮಾತು ಇದು. ಹೇಳಿದ್ದು ಅಧಿಕಾರಿಯ ಮುಂದೆ, ಗಾಳದ ವಿಷಯದಲ್ಲಿ. ಹೊಗಳಿಕೆಯೋ ಬೈಗುಳವೋ ತೀರ್ಮಾನಿಸಲು ಸಮಯ ಬೇಕಿತ್ತು, ಸಮಯ ಇರಲಿಲ್ಲ.

ಯಾಕೆಂದರೆ ಕರಿಬಸಯ್ಯನವರು ಭೀಮೇಶನ ಭುಜದ ಮೇಲೆ ಕೈಹಾಕಿ ಮೂಲೆಗೆ ಕರೆದೊಯ್ದಿದ್ದರು. ಗಂಡಸರು ಮೂಲೆಗೆ ಹೋಗಿ ಪಿಸುಗುಟ್ಟಿದರೆ ಹೆಂಗಸರ ತಲೆಯ ಮೇಲೆ ಏನೋ ಬೀಳುತ್ತದೆ ಎಂದು ಶೇಖರಮ್ಮ ಬಲ್ಲಳು.

ತಿರುಗಿ ಬಂದಾಗ ಭೀಮೇಶ ಹಗುರಾಗಿದ್ದ. "ನೋಡ್ರಿ ಅಮ್ಮಾರ, ಪುಕ್ಕ, ಗಾಳ, ಇಲ್ಲದ ಮೀನ, ಇವೆಲ್ಲ ಬರದ್ರ ಮ್ಯಾಲಿನವರು ನನ್ನನ್ನ ಕೇಳ್ತಾರ. ನೊಣ ಅಂತ ಬರೀತೀನಿ. 'ಬೇಳೆಯಲ್ಲಿ ಒಂದು ನೊಣ, ಅಡಿಗಿ ಮನಿ ಸ್ವಚ್ಛತಾ ಸಾಲದು.' ಒಂದು ಎಚ್ಚರಿಕಿ ಕೊಟ್ಟು ಬಿಡ್ತೀನಿ. ಲೈಸನ್ಸ್ ನಿಮ್ಮ ಹೆಸರಿಲೆ ಐತಿ, ನಿಮ್ಮ ಸಹಿ ಬೇಕು."

"ನೊಣ ಬೀಳೋದು ಯಾರಿಗೂ ತಪ್ಪಿದ್ದಲ್ಲ" ಎಂದರು ಕರಿಬಸಯ್ಯನವರು. "ಸಮಾಜದವರಿಗೆ ನಾ ಹೇಳ್ತೀನಿ. ಪುಕ್ಕದ ಮಾತು ಸುಳ್ಳಾಗ್ತೈತಿ, ಬೋರ್ಡ್ ಉಳೀತೈತಿ."

ಸಂಗನಬಸವನಂತೂ ಕರಗಿಹೋಗಿದ್ದ. "ಸರ್ಕಾರದ ಕಾಗದದ ಮ್ಯಾಲೆ ನೊಣ ಅಂತಾನೇ ಬರೀತಾರಂತ! ಅಂದ್ರ ಅಷ್ಟು ಹುಬೇಹೂಬ್, ಖರೇ ನೊಣದಂಗ ಆಗೈತಿ ಅಂದಂಗಾತಲ್ಲ? ಆ ಮುದುಕಗ ಇದನ್ನ ತೋರಿಸಬೇಕಿತ್ತು..."

ಮೂವರು ಗಂಡಸರೂ ಸಂತೋಷವಾಗಿ ಅವಳ ಮುಂದೆ ಪೆನ್ನು ಹಿಡಿದರು.

ಶೇಖರಮ್ಮ ಬಟ್ಟಲುಗಳ ಸಾಲು ನೋಡಿದಳು. ಬಾಗಿಲಿನ ಬಲೆ ನೋಡಿದಳು. ಬೇವಿನ ಹೊಗೆಗೆ ಪ್ರತಿದಿನ ಕೆಂಪಾಗುವ ತನ್ನ ಕಣ್ಣು ಒರೆಸಿಕೊಂಡಳು.

"ಬರಂಗಿಲ್ಲ" ಎಂದಳು.

"ಏನು ಬರಂಗಿಲ್ಲ?" ಎಂದ ಭೀಮೇಶ.

"ನನ್ನ ಬ್ಯಾಳ್ಯಾಗ ನೊಣ ಬಿದ್ದಿಲ್ಲ ಸಾಹೇಬ್ರ. ನನ್ನ ಗಂಡ ಬಿದ್ದಾನ. ಹಂಗ ಬರೀರಿ, ಸಹಿ ಮಾಡ್ತೀನಿ."

"ಶೇಖರಮ್ಮಾ, ವಿಚಾರ ಮಾಡು" ಎಂದರು ಕರಿಬಸಯ್ಯನವರು. "ಪುಕ್ಕ ಅಂತ ಬರದ್ರ ಆ ಬೋರ್ಡ್ ಇಟ್ಕೊಳ್ಳಾಕ ಬರಂಗಿಲ್ಲ. ಬೋರ್ಡ್ ಹೋದ್ರ ಗಿರಾಕಿ ಹೋಗ್ತಾರ."

"ಬೋರ್ಡ್ ನಿಮ್ದು ಅಯ್ಯನೋರ. ಬ್ಯಾಳಿ ನಂದು."

ಭೀಮೇಶ ಎದ್ದು ಅಡುಗೆಮನೆಯನ್ನು ಸುತ್ತಿ ಬಂದ. ಪಾತ್ರೆಗಳ ಕೆಳಗೆ, ಡಬ್ಬಿಗಳ ಹಿಂದೆ, ಮೂಲೆ ಮೂಲೆಗೂ ಬೆರಳು ಹಾಕಿದ. ಬೆರಳು ನೋಡಿಕೊಂಡ. ಆಮೇಲೆ ಕೂತು, ಮೊದಲು ಬರೆದದ್ದನ್ನು ಹೊಡೆದುಹಾಕಿ, ಹೊಸದಾಗಿ ಬರೆದು ಗಟ್ಟಿಯಾಗಿ ಓದಿದ: "ಅಡುಗೆಮನೆ ಸ್ವಚ್ಛವಾಗಿದೆ. ನೊಣ ಇಲ್ಲ. ಬೇಳೆಯಲ್ಲಿ ಸಿಕ್ಕಿದ್ದು ಕೋಳಿ ಪುಕ್ಕದಿಂದ ಮಾಡಿದ ವಸ್ತು, ಮಾಲೀಕರ ಗಂಡನ ಕೈಯಿಂದ ಬಿದ್ದದ್ದು. ಸದರಿ ಗಂಡನನ್ನು ಊಟದ ಪಾತ್ರೆಗಳಿಂದ ದೂರ ಇಡತಕ್ಕದ್ದು."

ಅವಳು ಸಹಿ ಮಾಡಿದಳು. ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದಳು.

ಕರಿಬಸಯ್ಯನವರು ಬಾಗಿಲಲ್ಲಿ ನಿಂತು, "ಹಂಗಾದ್ರ ಬೋರ್ಡಿನ್ಯಾಗಿನ 'ಲಿಂಗಾಯತ' ಅನ್ನೋ ಪದ ಅಳಿಸಬೇಕಾಗ್ತೈತಿ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ಅವರು ಹೆಂಡತಿ ತೀರಿಕೊಂಡವರು, ಮಧ್ಯಾಹ್ನದ ಊಟ ಇಲ್ಲಿಯೇ ಆಗುತ್ತಿತ್ತು. ಅಳಿಸಲು ಯಾರನ್ನಾದರೂ ಕಳಿಸುತ್ತೇನೆ ಎಂದು ಅವರು ಹೇಳುವಷ್ಟರಲ್ಲಿ ಶೇಖರಮ್ಮ ಹಿತ್ತಲ ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದ ಡಬ್ಬಿ ತಂದು, ಸೆರಗು ಸಿಕ್ಕಿಸಿ, ಸ್ಟೂಲು ಹತ್ತಿದ್ದಳು. ಸಂಗನಬಸವ ಸ್ಟೂಲು ಹಿಡಿದುಕೊಂಡ. ಎದುರಿನ ಅಂಗಡಿಯಿಂದ ಜಿಲಾನಿಸಾಬ್ "ಅಕ್ಕಾ, ಹುಷಾರು!" ಎಂದು ಕೂಗಿದ. ಬೋರ್ಡಿನಲ್ಲಿ 'ಶುದ್ಧ' ಉಳಿಯಿತು, 'ಖಾನಾವಳಿ' ಉಳಿಯಿತು, ನಡುವೆ ಒಂದು ಹಸಿರು ಪಟ್ಟೆ.

ಮೊದಲ ಕೆಲವು ದಿನ ಅವಳು ಬಡಿದ ರೊಟ್ಟಿಗಳು ಹಾಗೆಯೇ ಒಣಗಿದವು. ಆ ದಿನಗಳಲ್ಲಿ ಸಂಗನಬಸವ ಗಲ್ಲಾದ ಮೇಲೆ ಕೂತು ಮದುವೆಯ ಸೀರೆಯ ಅಂಚು ಹೊಲಿದ. ಅದು ಅವಳು ಕೊಟ್ಟ ಶಿಕ್ಷೆ. ಬಸ್ಸಿನಿಂದ ಇಳಿದವರು, ಸೀರೆ ಹೊಲಿಯುವ ಗಂಡಸನ್ನು ನೋಡಲು ನಿಲ್ಲುತ್ತಿದ್ದರು. ನಿಂತವರಿಗೆ ಬೇಳೆಯ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು.

ಮೊದಲು ಒಳಗೆ ಬಂದವನು ಹೊನ್ನೂರಪ್ಪ. "ಎಲ್ಲೂ ಬಾಯಿಗೆ ಹತ್ತವಲ್ದು ಯವ್ವಾ" ಎಂದು ಕೂತು, ಬಟ್ಟಲನ್ನು ಎತ್ತಿ ಒಳಗೆ ಇಣುಕಿ, ಬೋರಲು ಮಾಡಿ ಬಡಿದು, ಬೆಳಕಿಗೆ ಹಿಡಿದು ನೋಡಿದ. ಬಟ್ಟಲಿನ ತಳದಲ್ಲಿ ಅವನ ಮುಖವೇ ಕಂಡಿತು. ಸಾಯಂಕಾಲದ ಹೊತ್ತಿಗೆ ಆ ಸುದ್ದಿಯೂ ಎರಡೂ ಊರು ಮುಟ್ಟಿತು. ಮಸ್ಕಿಯ ಖಾನಾವಳಿಯಲ್ಲಿ ಬಟ್ಟಲು ನೋಡಿಕೊಂಡು ಉಣ್ಣಬಹುದು ಎಂದು ಪಾಮನಕಲ್ಲೂರಿನವರೂ ಬಂದರು. ಸಿಂಧನೂರಿನ ಬೀಗಿತ್ತಿಯ ಹೊಟ್ಟೆನೋವು ಯಾವ ಔಷಧವೂ ಇಲ್ಲದೆ ವಾಸಿಯಾಯಿತು. ಇನ್ನಷ್ಟು ಶೇಂಗಾ ಹೋಳಿಗೆ ಸಿಗಬಹುದೇ ಎಂದು ರಾಜಶ್ರೀಯ ಮೂಲಕ ಕೇಳಿಸಿದರು.

ಒಂದು ಮಧ್ಯಾಹ್ನ, ಕೂರಲು ಜಾಗವಿಲ್ಲದ ಹೊತ್ತಿನಲ್ಲಿ, ಕರಿಬಸಯ್ಯನವರು ರಸ್ತೆಯಲ್ಲಿ ಬಂದು ಹಸಿರು ಪಟ್ಟೆಯ ಕೆಳಗೆ ನಿಂತರು. ಸೊರಗಿದ್ದರು. ತಾವೇ ಅಳಿಸಿರೆಂದ ಬೋರ್ಡಿನ ಅಡಿ ನಡೆದು ಒಳಗೆ ಬರುವುದು ಹೇಗೆಂದು ತಿಳಿಯದೆ, ಬಲೆಬಾಗಿಲಿನ ಹೊರಗಿನಿಂದಲೇ ಸಣ್ಣ ದನಿಯಲ್ಲಿ ಕೇಳಿದರು:

"ಶೇಖರಮ್ಮಾ, ಪಾರ್ಸಲ್ ಕೊಡ್ತೀಯೇನವಾ?"

"ಪಾರ್ಸಲ್ ಇಲ್ರಿ ಅಯ್ಯನೋರ. ಒಳಗ ಬಂದು ಕುಂದ್ರಬೇಕು."

ಅವರು ಹಿಂದೆ ನೋಡಿದರು, ಮುಂದೆ ನೋಡಿದರು, ಕೊನೆಗೆ ತಲೆ ಸ್ವಲ್ಪ ಬಗ್ಗಿಸಿ ಒಳಗೆ ಬಂದರು. ಮೂಲೆಯ ಮೇಜಿನಲ್ಲಿ ಕೂತಿದ್ದ ಇಬ್ಬರನ್ನು ಸುಕನ್ಯಾ ಎಬ್ಬಿಸಿದಳು. ಕರಿಬಸಯ್ಯನವರು ಅರ್ಧ ರೊಟ್ಟಿ ಮುಗಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಸಮಾಜದವರ ಜೊತಿ ಮಾತಾಡೀನಿ. ಎಲ್ಲಾರೂ ಒಪ್ಯಾರ. ಆ ಬಣ್ಣಾ ಕೆರಸಿಬಿಡು. ಕೆಳಗ ಅಕ್ಷರ ಹಂಗೇ ಇರ್ತಾವ."

ಗಲ್ಲಾದ ಮೇಲೆ ಸಂಗನಬಸವನ ಕಿವಿ ನಿಮಿರಿತು. ಅವನು ಬಾಯಿ ತೆರೆದ. ಶೇಖರಮ್ಮ ಅವನ ಕಡೆ ನೋಡಿದಳು. ಅವನು ಬಾಯಿ ಮುಚ್ಚಿದ.

"ಇರಲಿ ಬಿಡ್ರಿ ಅಯ್ಯನೋರ" ಎಂದಳು ಶೇಖರಮ್ಮ, ಬೇಳೆಯ ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ. "ಅಲ್ಲಿ ಏನು ಬರಸಬೇಕಂತ ನಾ ಇನ್ನೂ ವಿಚಾರ ಮಾಡಾಕತ್ತೀನಿ. ಬ್ಯಾಳಿ ಹಾಕ್ಲೇನು?"